ಚಂಡಪ್ರತಾಪನಿಗೆ ನೂರು ವಿಘ್ನಗಳು

೩ ಫೆಬ್ರವರಿ, ಸೋಮವಾರ

ಎಲೈ ಕಲಾಭಿಮಾನಿ ಮಹಾಜನಗಳೇ! ಮುಂದೆ ಚಾಪೆ ಹಾಸಿ ಕುಳಿತ ತಾಯಂದಿರೇ, ಹಿಂದೆ ಬೈಕಿನಿಂದ ಇಳಿಯದೆಯೇ ನೋಡುತ್ತಿರುವ ತರುಣರೇ, ಕಂಬಕ್ಕೆ ಒರಗಿ ಕಡಲೆಕಾಯಿ ಸುಲಿಯುತ್ತಿರುವ ಹಿರಿಯರೇ! ಗದ್ದಲ ನಿಲ್ಲಲಿ! ಕಡೂರಿನಲ್ಲಿ ಕೂಗಿದರೆ ಬೀರೂರಿನಲ್ಲಿ ಎಮ್ಮೆ ಕಿವಿ ನಿಮಿರಿಸುವಂಥ ಕಂಠವುಳ್ಳ ಶಿವಪ್ರಸಾದನು, ಹದಿನೆಂಟು ವರ್ಷಗಳಿಂದ ‘ಚಂಡಪ್ರತಾಪ ಗರ್ವಭಂಗ’ ನಾಟಕದಲ್ಲಿ ಚಂಡಪ್ರತಾಪ ಮಹಾರಾಜನಾಗಿ ಮೆರೆದವನು, ಈ ಹೊತ್ತಿನಿಂದ ಮೂಕ!

(ಸಭೆಯಲ್ಲಿ ಹಾಹಾಕಾರ.)

ತರೀಕೆರೆಯ ಡಾಕ್ಟರ್ ಶ್ರೀವಿದ್ಯಾ ನನ್ನ ಗಂಟಲೊಳಗೆ ಕೊಳವೆ ಇಳಿಸಿ ನೋಡಿದರು. ಸ್ವರತಂತುಗಳ ಮೇಲೆ ಗಂಟು ಕಟ್ಟಿದೆಯಂತೆ. ಹಗಲೆಲ್ಲ ಆಟೋದಲ್ಲಿ ಮೈಕು ಹಿಡಿದು ಸೀರೆ ಮೇಳ, ಚಪ್ಪಲಿ ಮೇಳ ಎಂದು ಸಾರುವುದು, ಸಂಜೆ ನಾಟಕದ ಪ್ರಾಕ್ಟೀಸಿನಲ್ಲಿ ಅಬ್ಬರಿಸುವುದು, ಎರಡೂ ಸೇರಿ ಆದದ್ದಂತೆ.

“ಒಂದೂವರೆ ತಿಂಗಳು ಮಾತೇ ಇಲ್ಲ. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು,” ಎಂದರು.

ನಾಟಕವಿರುವುದು ಮಾರ್ಚ್ ಇಪ್ಪತ್ತೆರಡಕ್ಕೆ, ಅಜ್ಜಂಪುರದಲ್ಲಿ. ಅದರ ಗತಿಯೇನೆಂದು ಕೇಳಲು ಬಾಯಿ ತೆರೆದೆ. ಡಾಕ್ಟರಮ್ಮ ತುಟಿಯ ಮೇಲೆ ಬೆರಳಿಟ್ಟರು. ನನ್ನ ಧರ್ಮಪತ್ನಿ ಹೇಮಶ್ರೀ ನನ್ನ ಪರವಾಗಿ ಕೇಳಿದಳು.

“ಮಾರ್ಚ್ ಇಪ್ಪತ್ತನೇ ತಾರೀಕು ಬನ್ನಿ, ನೋಡಿ ಹೇಳ್ತೀನಿ. ಮಧ್ಯ ಒಂದ್ಸಲ ಕೂಗಿದ್ರೂ ಆ ಪಾತ್ರ ಮರೆತುಬಿಡಿ.”

ಬಸ್ ಸ್ಟ್ಯಾಂಡಿನ ಎದುರು ಹೇಮಶ್ರೀ ನನಗೊಂದು ಸ್ಲೇಟು ಕೊಂಡಳು. ಆಗ ಅವಳ ಮುಖದಲ್ಲಿ ಒಂದು ಬಗೆಯ ಹಬ್ಬದ ಕಳೆ ಕಂಡಿತು. ನನ್ನ ಭ್ರಮೆಯಿರಬೇಕು. ಗಂಡ ಮೂಕನಾದಾಗ ಯಾವ ಸತಿ ತಾನೇ ಸಂತೋಷಪಟ್ಟಾಳು?

೫ ಫೆಬ್ರವರಿ, ಬುಧವಾರ

ನಮ್ಮ ನಾಟಕದ ಮೇಷ್ಟ್ರು ಬಸವರಾಜಪ್ಪನವರು ಅಜ್ಜಂಪುರದಿಂದ ರೈಲಿನಲ್ಲಿ ಕಡೂರಿನ ನಮ್ಮ ಮನೆಗೆ ಬಂದರು. ಹಾರ್ಮೋನಿಯಂ ಇಲ್ಲದೆ ಅವರನ್ನು ನೋಡಿದರೆ ಅರ್ಧ ಮನುಷ್ಯನನ್ನು ನೋಡಿದಂತೆ. ಕಾಫಿ ಮುಗಿಯುವವರೆಗೆ ಬಿಸಿಲಿನ ಮಾತಾಡಿ, ಲೋಟ ಕೆಳಗಿಟ್ಟ ಮೇಲೆ ವಿಷಯಕ್ಕೆ ಬಂದರು.

“ಪ್ರಾಕ್ಟೀಸ್ ನಿಲ್ಸಕ್ಕಾಗಲ್ಲ ಕಣೋ ಪ್ರಸಾದ. ಅಲ್ಲೀವರ್ಗೂ ನಿನ್ ಜಾಗದಲ್ಲಿ ಓಂಕಾರೇಶ ನಿಂತ್ಕಳ್ಳಿ ಅಂದಿದೀನಿ. ನಿನ್ ಗಂಟ್ಲು ಸರಿಹೋದ್ರೆ ಪಾತ್ರ ನಿಂದು. ಇಲ್ಲ ಅಂದ್ರೆ ಅವ್ನೇ ಮಾಡ್ತಾನೆ.”

ಓಂಕಾರೇಶ! ತರೀಕೆರೆ–ಅಜ್ಜಂಪುರ ಖಾಸಗಿ ಬಸ್ಸಿನ ಕಂಡಕ್ಟರ್! ಹೋದ ವರ್ಷದವರೆಗೆ ನನ್ನ ಬೆನ್ನ ಹಿಂದೆ ಚಾಮರ ಬೀಸುತ್ತಿದ್ದವನು! ಸ್ಲೇಟಿನ ಮೇಲೆ ಬರೆದೆ: ‘ಟಿಕೆಟ್ ಹರಿಯುವವನಿಗೆ ಕಿರೀಟವೇ?’

“ನೀನೇನ್ ಅರಮನೇಲಿದ್ಯಾ? ಚಪ್ಲಿ ಮೇಳ ಸಾರ್ಕಂಡ್ ಇದ್ದೋನು,” ಎಂದರು ಮೇಷ್ಟ್ರು.

ಸ್ಲೇಟು ಒರೆಸಿ ಮಾರುತ್ತರ ಬರೆಯುವಷ್ಟರಲ್ಲಿ ಅವರು ಗೇಟು ದಾಟಿದ್ದರು. ಮೂಕನಿಗೆ ಇದೇ ದೊಡ್ಡ ಅನ್ಯಾಯ, ಮಹಾಜನಗಳೇ. ಜಗಳದಲ್ಲಿ ಸರದಿಯೇ ಸಿಗುವುದಿಲ್ಲ.

೮ ಫೆಬ್ರವರಿ, ಶನಿವಾರ

ರಾಜನಿಗೆ ವನವಾಸ ಬಂದರೆ ಅರಣ್ಯಕ್ಕೆ ಹೋಗುತ್ತಾನೆ. ನನಗೆ ಒದಗಿದ ಅರಣ್ಯ ಕಡೂರಿನ ಗೊಬ್ಬರದಂಗಡಿಯ ಮಹಡಿ. ಅಲ್ಲಿ ನನ್ನ ಅಣ್ಣನ ಮಗಳು ಶ್ರುತಿ ಎರಡು ಕಂಪ್ಯೂಟರ್ ಇಟ್ಟುಕೊಂಡು ಪ್ರೋಗ್ರಾಂ ಬರೆದು ಮಾರುತ್ತಾಳೆ.

“ಮನೇಲಿ ಸುಮ್ನೆ ಕೂತ್ರೆ ನಿಮ್ಗೂ ಕಷ್ಟ, ಚಿಕ್ಕಮ್ಮಂಗೂ ಕಷ್ಟ. ಬನ್ನಿ ಚಿಕ್ಕಪ್ಪ, ಸುಳ್ಳು ಹಸು ಹುಟ್ಸೋ ಕೆಲ್ಸ ಇದೆ,” ಎಂದು ಕರೆದೊಯ್ದಳು.

ಎಮ್ಮೆದೊಡ್ಡಿ ಕಡೆಯ ದನ ಸಾಕುವವರ ಸಂಘವೊಂದಕ್ಕೆ ಅವಳು ಪ್ರೋಗ್ರಾಂ ಬರೆಯುತ್ತಿದ್ದಾಳೆ. ಯಾವ ಹಸುವಿನ ತಾಯಿ ಯಾವುದು, ಅಜ್ಜಿ ಯಾವುದು ಎಂದು ಅದು ನೆನಪಿಡಬೇಕು. ಹತ್ತಿರದ ರಕ್ತಸಂಬಂಧದಲ್ಲಿ ಕರು ಹುಟ್ಟದಂತೆ ಎಚ್ಚರಿಸಬೇಕು. ನಿಜವಾದ ದನಗಳ ವಿವರ ತುಂಬುವ ಮೊದಲು ಸುಳ್ಳು ದನಗಳನ್ನು ಒಳಗೆ ಬಿಟ್ಟು, ಪ್ರೋಗ್ರಾಂ ಎಲ್ಲಿ ಎಡವುತ್ತದೆಂದು ನೋಡಬೇಕು.

ಸೃಷ್ಟಿಕಾರ್ಯ! ಮಧ್ಯಾಹ್ನದೊಳಗೆ ಒಂದು ಮಂದೆಯನ್ನೇ ಬರೆದುಕೊಟ್ಟೆ. ಕೋಪದಲ್ಲಿ ಹುಲಿಯಂಥ ಗೌರಿ, ಏಕೈಕ ಕರುವನ್ನು ಕಳೆದುಕೊಂಡು ಕಣ್ಣೀರು ಸುರಿಸುವ ಭಾಗೀರಥಿ, ಒಡೆಯನಿಗಾಗಿ ಚಿರತೆಯ ಮೇಲೆ ಎರಗಿದ ಚಾಮುಂಡಿ. ಪ್ರೋಗ್ರಾಂ ಎಲ್ಲರನ್ನೂ ತಕರಾರಿಲ್ಲದೆ ಒಳಕ್ಕೆ ಬಿಟ್ಟುಕೊಂಡಿತು.

“ಇದೇ ನೋಡಿ ತೊಂದ್ರೆ,” ಎಂದಳು ಶ್ರುತಿ. “ನೀವು ಕೈಯಲ್ಲಿ ಬರೆದ್ರೆ ನಿಮ್ಗೆ ಹೊಳೆದಿದ್ದು ಮಾತ್ರ ಬರುತ್ತೆ. ನಮ್ಗೆ ಬೇಕಾಗಿರೋದು ಯಾರ್ಗೂ ಹೊಳೀದೇ ಇರೋದು.”

ನನಗೆ ಹೊಳೆಯದೇ ಇರುವುದು! ಹುಡುಗಿಗೆ ಚಿಕ್ಕಪ್ಪನ ಪರಿಚಯ ಸಾಲದು.

೧೨ ಫೆಬ್ರವರಿ, ಬುಧವಾರ

ಅವಳು ಪ್ರೋಗ್ರಾಂ ಬರೆಯುವ ಭಾಷೆಯ ಹೆಸರು ಹ್ಯಾಸ್ಕೆಲ್. ಅದರ ನಿಯಮ ಕೇಳಿ ದಂಗಾದೆ.

“ಇದ್ರಲ್ಲಿ ಪ್ರತಿ ಫಂಕ್ಷನ್ನೂ, ಅಂದ್ರೆ ಪ್ರೋಗ್ರಾಂನ ಒಂದೊಂದ್ ತುಂಡೂ, ತನ್ನ ಕೈಗೆ ಕೊಟ್ಟಿದ್ದನ್ನ ಮಾತ್ರ ನೋಡುತ್ತೆ. ಆಚೆ ಈಚೆ ಇಣುಕಲ್ಲ. ಅದೇ ಕೊಟ್ರೆ ಅದೇ ಉತ್ತರ, ಇವತ್ತಾದ್ರೂ ನಾಳೆಯಾದ್ರೂ.”

ಪಕ್ಕದ ಪಾತ್ರವನ್ನು ತಳ್ಳದೆ, ಮನಸ್ಸಿಗೆ ಬಂದಂತೆ ಮಾತು ಬೆಳೆಸದೆ, ಕೊಟ್ಟಷ್ಟನ್ನೇ ಒಪ್ಪಿಸುವ ನಟ! ಇಂಥವನನ್ನು ನಮ್ಮ ಮೇಷ್ಟ್ರು ತಲೆಯ ಮೇಲೆ ಹೊತ್ತುಕೊಂಡಾರು. ನಾನಾದರೆ ಎರಡನೆಯ ದಿನವೇ ಮನೆಗೆ ಕಳಿಸುತ್ತಿದ್ದೆ.

ಈ ಭಾಷೆಯಲ್ಲಿ ಹಸುಗಳನ್ನು ಒಂದೊಂದಾಗಿ ಬರೆಯುವುದಿಲ್ಲ. ಹಸು ಎಂದರೆ ಹೇಗಿರಬಹುದು ಎಂಬ ವಿಧಿಯನ್ನು ಮಾತ್ರ ಬರೆಯುವುದು: ವಯಸ್ಸು ಇಷ್ಟರಿಂದ ಇಷ್ಟು, ಬಣ್ಣ ಇವುಗಳಲ್ಲಿ ಒಂದು. ಆ ವಿಧಿಗೆ ಜನರೇಟರ್ ಎನ್ನುತ್ತಾರೆ. ಯಂತ್ರ ಕಣ್ಣು ಮುಚ್ಚಿಕೊಂಡು ಕೈಗೆ ಸಿಕ್ಕಿದ್ದನ್ನು ಎತ್ತಿ ಎತ್ತಿ ನೂರು ಮಂದೆಗಳನ್ನು ಹುಟ್ಟಿಸುತ್ತದೆ. ‘ಯಾವ ಹಸುವೂ ತನಗೆ ತಾನೇ ಅಜ್ಜಿಯಾಗಿರಬಾರದು’ ಎಂಬಂಥ ಮಾತೊಂದನ್ನು ನಾವು ಕೊಟ್ಟಿರುತ್ತೇವೆ. ನೂರಕ್ಕೆ ನೂರು ಸಲವೂ ಆ ಮಾತು ನಿಂತರೆ ಪಾಸು.

ವಿಧಿಯನ್ನು ನಾನು ಸ್ಲೇಟಿನಲ್ಲಿ ಹೇಳಿದೆ, ಅವಳು ಟೈಪು ಮಾಡಿದಳು. ಪ್ರತಿ ಹಸುವಿಗೂ ತಾಯಿಯಿರಬೇಕು ಎಂದೆ. ಆ ತಾಯಿಯೂ ಹಸುವೇ ತಾನೇ, ಅದಕ್ಕೂ ತಾಯಿಯಿರಬೇಕು. ವಂಶವನ್ನು ಸಾರದೆ ರಂಗ ಪ್ರವೇಶಿಸುವುದುಂಟೇ? ಚಂಡಪ್ರತಾಪನು ಪರದೆ ಸರಿದೊಡನೆ ತನ್ನ ಏಳು ತಲೆಮಾರು ಹೇಳಿಯೇ ಕೂರುವುದು.

ಶ್ರುತಿ ಗುಂಡಿ ಒತ್ತಿದಳು. ಯಂತ್ರ ಸ್ತಬ್ಧ. ಒಳಗಿನ ಫ್ಯಾನು ಮಾತ್ರ ಗಿರಣಿಯಂತೆ ಮೊರೆಯತೊಡಗಿತು. ಕಾಫಿಗೆ ಹೋಗಿ ಬಂದೆವು, ಇನ್ನೂ ಮೊರೆಯುತ್ತಿತ್ತು.

“ಅಯ್ಯೋ ಚಿಕ್ಕಪ್ಪ! ತಾಯಿಗೊಬ್ಳು ತಾಯಿ, ಆ ತಾಯಿಗೊಬ್ಳು ತಾಯಿ. ನಿಲ್ಲೋದೆಲ್ಲಿ? ಮೊದಲ್ನೇ ಹಸೂನೇ ಇನ್ನೂ ಹುಟ್ಟಿ ಮುಗ್ದಿಲ್ಲ!”

‘ಹಾಗಾದರೆ ಏನು ಮಾಡುವುದು?’

“‘ತಾಯಿ ಯಾರೋ ಗೊತ್ತಿಲ್ಲ’ ಅನ್ನೋ ಹಸೂನ ಒಪ್ಕೋಬೇಕು. ಅಲ್ಲಿಗೆ ನಿಲ್ಲುತ್ತೆ.”

ಬಹಳ ಹೊತ್ತು ಒಪ್ಪಲಿಲ್ಲ. ಕೊನೆಗೆ ಹತ್ತರಲ್ಲಿ ಒಂದಕ್ಕೆ ಮಾತ್ರ ಎಂದು ಬರೆದುಕೊಟ್ಟೆ. ತಕ್ಷಣ ಹಸುಗಳು ಪರದೆಯ ತುಂಬ ಸುರಿದವು. ವಯಸ್ಸು ಸೊನ್ನೆ, ಹೆಸರೇ ಇಲ್ಲ, ತಾಯಿ ಗೊತ್ತಿಲ್ಲ. ಇಂಥದ್ದೆಲ್ಲ ನನಗೆ ನಿಜಕ್ಕೂ ಹೊಳೆದಿರಲಿಲ್ಲ. ಹೊಳೆಯುವ ಅಗತ್ಯವೂ ಇರಲಿಲ್ಲ ಬಿಡಿ.

೧೭ ಫೆಬ್ರವರಿ, ಸೋಮವಾರ

ಇಂದು ಪ್ರೋಗ್ರಾಂ ಎಡವಿತು! ಅರವತ್ತು ಚಿಲ್ಲರೆ ಹಸುಗಳ ಮಂದೆಯೊಂದರ ಮುಂದೆ ದೊಪ್ಪನೆ ಬಿತ್ತು. ಯುದ್ಧವೆಂದರೆ ಇದು ಎಂದುಕೊಂಡು ಕುರ್ಚಿ ಎಳೆದು ಕುಳಿತರೆ, ಯಂತ್ರ ತಾನೇ ಆ ಮಂದೆಯನ್ನು ಚಿಕ್ಕದು ಮಾಡತೊಡಗಿತು. ಒಂದು ಹಸುವನ್ನು ತೆಗೆದು ನೋಡುವುದು, ಆಗಲೂ ಬೀಳುತ್ತದೆಯೇ? ಇನ್ನೊಂದನ್ನು ತೆಗೆ. ಆಗಲೂ? ಮತ್ತೊಂದು. ಕಡೆಗೆ ಉಳಿದದ್ದು ಎರಡೇ: ಒಬ್ಬ ತಾಯಿ, ಒಬ್ಬ ಮಗಳು, ಇಬ್ಬರಿಗೂ ಒಂದೇ ವಯಸ್ಸು.

“ಯಾರೋ ತಪ್ಪಾಗಿ ವಯಸ್ಸು ತುಂಬಿದ್ರೆ ನಂ ಪ್ರೋಗ್ರಾಂ ಹಿಂಗೆ ಸಾಯ್ತಿತ್ತು,” ಎಂದು ಶ್ರುತಿ ಕುಣಿದಳು. “ದೊಡ್ಡ ಮಂದೇಲಿ ಹುಡುಕ್ತಾ ಕೂತಿದ್ರೆ ಸಿಗ್ತಿತ್ತಾ? ಬೀಳ್ಸೋ ಅತಿ ಚಿಕ್ಕ ಕಾರಣ ಯಾವ್ದು ಅಂತ ಅದೇ ಹೇಳುತ್ತೆ.”

ಅರವತ್ತು ಪಾತ್ರಗಳ ಮಹಾನಾಟಕ ಎರಡು ಪಾತ್ರಕ್ಕೆ ಇಳಿಯಿತಲ್ಲ ಎಂದು ನನಗೆ ಬೇಸರ. ಆದರೂ ಆ ಕೊನೆಯ ಮಾತು ಮನೆಯವರೆಗೆ ಹಿಂದೆಯೇ ಬಂತು. ಬೀಳಿಸುವ ಅತಿ ಚಿಕ್ಕ ಕಾರಣ.

೨೩ ಫೆಬ್ರವರಿ, ಭಾನುವಾರ

ಅಜ್ಜಂಪುರದಲ್ಲಿ ಪ್ರಾಕ್ಟೀಸ್. ಛತ್ರದ ಹಿಂದಿನ ಕೋಣೆಯಲ್ಲಿ ಸ್ಲೇಟು ತೊಡೆಯ ಮೇಲಿಟ್ಟುಕೊಂಡು ಕುಳಿತೆ.

ಮಹಾಜನಗಳೇ, ಕ್ರೂರ ದೃಶ್ಯ! ಓಂಕಾರೇಶ ನನ್ನ ಮಾತುಗಳನ್ನು ಆಡುತ್ತಿದ್ದಾನೆ. ‘ಎಲವೋ ಮಂತ್ರೀ’ ಎಂಬುದು ‘ಮುಂದಕ್ ಹೋಗಿ ಸಾರ್’ ಎಂಬಂತೆ ಕೇಳಿಸುತ್ತದೆ. ಕಂಠವಿದೆ, ಒಪ್ಪುತ್ತೇನೆ. ತಪ್ಪಿಲ್ಲದೆ ಕಂಠಪಾಠವೂ ಇದೆ. ಅದೇ ಅಪಾಯ. ಹೀಗೇ ಬಿಟ್ಟರೆ ಮೇಷ್ಟ್ರು ಒಗ್ಗಿಹೋಗುತ್ತಾರೆ, ನಾನು ಸರಿಹೋಗಿ ಬಂದರೂ ‘ಇರ್ಲಿ ಬಿಡೋ’ ಎಂದುಬಿಡುತ್ತಾರೆ.

ಅವನನ್ನು ಎಲ್ಲರೆದುರು ಬೀಳಿಸಬೇಕು. ಹೇಗೆ?

ರೈಲಿನಲ್ಲಿ ಹಿಂದಿರುಗುವಾಗ ಉಪಾಯ ಹೊಳೆಯಿತು. ಹಸುಗಳಿಗೆ ಜನರೇಟರ್ ಬರೆಯಬಹುದಾದರೆ ವಿಘ್ನಗಳಿಗೇಕೆ ಬರೆಯಬಾರದು? ನಮ್ಮ ಕಡೆಯ ರಂಗದ ಮೇಲೆ ಏನೇನು ಆಗಬಹುದೆಂದು ನನಗಿಂತ ಚೆನ್ನಾಗಿ ಬಲ್ಲವರಾರು? ಮೈಕು ಕಿರುಚುತ್ತದೆ. ಕರೆಂಟು ಹೋಗುತ್ತದೆ. ಕಿರೀಟ ಕಣ್ಣ ಮೇಲೆ ಜಾರುತ್ತದೆ. ಮಂತ್ರಿ ಪಾತ್ರದವನು ಒಂದು ಪುಟ ಹಾರಿಸುತ್ತಾನೆ. ಪರದೆ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ರಂಗಕ್ಕೆ ನಾಯಿ ಬರುತ್ತದೆ. ದೃಶ್ಯದ ನಟ್ಟನಡುವೆ ಊರ ಗಣ್ಯರು ಮೇಲೇರಿ ರಾಜನಿಗೆ ಹಾರ ಹಾಕುತ್ತಾರೆ, ಸೆಲ್ಫಿ ತೆಗೆದುಕೊಳ್ಳುತ್ತಾರೆ.

ನೀನು ಸತ್ತೆ, ಓಂಕಾರೇಶಾ!

೨ ಮಾರ್ಚ್, ಭಾನುವಾರ

ಜನರೇಟರ್ ಸಿದ್ಧವಾಯಿತು. ಅರ್ಧಕ್ಕಿಂತ ಹೆಚ್ಚು ನಾನೇ ಟೈಪು ಮಾಡಿದೆ. ನಾಟಕದ ಯಾವ ಮಾತಿನ ಹೊತ್ತಿಗೆ ಯಾವ ವಿಘ್ನ ಎಂಬ ಪಟ್ಟಿಯನ್ನು ಅದು ಎತ್ತಿಕೊಡುತ್ತದೆ. ಕಾಪಾಡಬೇಕಾದ ಮಾತು ಒಂದೇ: ‘ಏನೇ ಆದರೂ ರಾಜನು ರಾಜನಾಗಿಯೇ ಇರತಕ್ಕದ್ದು.’ ಅಜ್ಜಂಪುರದ ಪ್ರಾಕ್ಟೀಸಿನಲ್ಲಿ ಮೇಷ್ಟ್ರ ಮುಂದೆ ಸ್ಲೇಟು ಹಿಡಿದೆ: ‘ಈ ಪರೀಕ್ಷೆ ಗೆಲ್ಲದವನ ತಲೆಗೆ ಕಿರೀಟವಿಲ್ಲ. ಯಾರೇ ಆಗಲಿ.’

“ಯಾರೇ ಆಗ್ಲಿ?” ಎಂದು ಮೇಷ್ಟ್ರು ಎರಡು ಸಲ ಕೇಳಿದರು. ತಲೆಯಾಡಿಸಿದೆ.

ಓಂಕಾರೇಶ ಅನುಮಾನಪಟ್ಟ. “ಪ್ರಸಾದಣ್ಣ ಬೇಕಂತ್ಲೇ ಕಷ್ಟದ್ದು ಆರ್ಸಿ ಹಾಕ್ತದೆ ಬಿಡ್ರಿ ಮೇಷ್ಟ್ರೇ.”

ಜೊತೆಗೆ ಬಂದಿದ್ದ ಶ್ರುತಿ ಬಿಡಿಸಿ ಹೇಳಿದಳು. “ಆರ್ಸೋದು ಇವ್ರಲ್ಲ. ಒಂದು ಸಂಖ್ಯೆ ಕೊಟ್ರೆ ಅದ್ರಿಂದ ಪಟ್ಟಿ ಹುಟ್ಟುತ್ತೆ. ಅದೇ ಸಂಖ್ಯೆಗೆ ಅದೇ ಪಟ್ಟಿ. ಬೇಕಾದ್ರೆ ಸಂಖ್ಯೆ ನೀವೇ ಹೇಳಿ.”

ಅವನು ತನ್ನ ಬಸ್ಸಿನ ನಂಬರು ಹೇಳಿದ. ಬಂದದ್ದು ಏಳು ವಿಘ್ನಗಳು. ಕೋಣೆಯವರೆಲ್ಲ ಒಬ್ಬೊಬ್ಬರು ಒಂದೊಂದು ವಿಘ್ನವಾದರು. ಮೇಷ್ಟ್ರೇ ನಾಯಿಯಾಗಿ ಬೊಗಳಿದರು. ಓಂಕಾರೇಶ ಬಿದ್ದ! ಸೊಗಸಾಗಿ, ಕಣ್ಣಿಗೆ ಹಬ್ಬವಾಗುವಂತೆ ಬಿದ್ದ!

ಆಮೇಲೆ ಒಂದೊಂದೇ ವಿಘ್ನ ತೆಗೆಯುತ್ತ ಬಂದೆವು. ಕೊನೆಗೆ ಉಳಿದದ್ದು ಹಾರ. ಯಾರಾದರೂ ಹಾರ ಹಾಕಿದೊಡನೆ ಮಹಾರಾಜ ಬೆನ್ನು ಬಗ್ಗಿಸಿ “ಥ್ಯಾಂಕ್ಸ್ ಸಾರ್” ಎನ್ನುತ್ತಾನೆ. ಮೂರು ಲೋಕ ನಡುಗಿಸುವವನು!

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಪಾತ್ರದ ಮಾನವೆಂಬುದು ಇಲ್ಲವೇ? ಎದ್ದು ಹೋಗಿ ಅವನ ಗದ್ದ ಹಿಡಿದು ಎತ್ತಿದೆ. ಸ್ಲೇಟಿನಲ್ಲಿ ಬರೆದೆ: ‘ಹಾರವಲ್ಲ ಅದು, ಕಪ್ಪಕಾಣಿಕೆ. ಸಾಮಂತರು ತಂದದ್ದು. ಬಗ್ಗಬೇಡ. ಅವರು ಬಗ್ಗಲಿ.’

ಮರುಸಲ ಅವನು ಕತ್ತನ್ನು ಇಷ್ಟೇ ಇಷ್ಟು ಮುಂದೆ ಚಾಚಿ, ಕಣ್ಣು ಅರೆ ಮುಚ್ಚಿ ಹಾರ ಹಾಕಿಸಿಕೊಂಡ. ಪರವಾಗಿಲ್ಲ. ಹಸುಗಳಂತೆ ಇವನಿಗೂ ನೂರು ಸಲ, ಇನ್ನೂ ತೊಂಬತ್ತೊಂಬತ್ತು ಪಟ್ಟಿಗಳಿವೆ.

೪ ಮಾರ್ಚ್, ಮಂಗಳವಾರ

ಭಾನುವಾರಗಳಷ್ಟೇ ಸಾಲವು. ಆದ್ದರಿಂದ ಅವನ ಬಸ್ಸು ನಿಂತಾಗಲೆಲ್ಲ ಫೋನಿಗೆ ಒಂದು ಪಟ್ಟಿ ಕಳಿಸುತ್ತೇನೆ. ಅವನು ಆ ದೃಶ್ಯವನ್ನು ಮಾತಾಡಿ ಧ್ವನಿ ಕಳಿಸುತ್ತಾನೆ. ಹಿಂದೆ ಕೋಳಿ ಕೂಗು, ಚಿಲ್ಲರೆ ಜಗಳ, ಎಂಜಿನ್ನು. ನನಗೆ ತಿರುಗಿ ಬೈಯಲಾಗುವುದಿಲ್ಲವಾದ್ದರಿಂದ ಕೊನೆಯವರೆಗೆ ಕೇಳಲೇಬೇಕು. ಕೇಳಿ, ತಪ್ಪು ಹುಡುಕಿ, ಹೇಗೆ ಮಾಡಬೇಕೆಂದು ಟೈಪು ಮಾಡಿ ಕಳಿಸುತ್ತೇನೆ. ಶತ್ರುವನ್ನು ಹಣ್ಣುಗಾಯಿ ಮಾಡುವುದೆಂದರೆ ಇದೇ.

೯ ಮಾರ್ಚ್, ಭಾನುವಾರ

ಇಂದಿನ ಮೊದಲ ವಿಘ್ನ ಮಂತ್ರಿ ಪುಟ ಹಾರಿಸುವುದು. ಓಂಕಾರೇಶ ಹಾರಿಸಿದ ಪುಟವನ್ನು ತಾನೇ ಎರಡು ಮಾತಿನಲ್ಲಿ ಹೇಳಿ ಸೇರಿಸಿಕೊಂಡ. ನಾನು ಕಲಿಸಿರಲಿಲ್ಲ. ಬಿದ್ದದ್ದು ಎರಡೇ ಕಡೆ, ಪರದೆ ಸಿಕ್ಕಿಕೊಂಡಾಗ ಮತ್ತು ಕರೆಂಟು ಹೋದಾಗ. ಕರೆಂಟು ಹೋದರೆ ಗಾಬರಿಗೆ ಮಾತು ವೇಗವಾಗುತ್ತದೆ. ‘ಕತ್ತಲಲ್ಲಿ ನಿಧಾನಿಸು. ಅವರಿಗೆ ಕಾಣುವುದಿಲ್ಲ, ಕೇಳಿಸುವುದಷ್ಟೇ’ ಎಂದು ಬರೆದುಕೊಟ್ಟೆ.

ಛತ್ರದ ಕಟ್ಟೆಯ ಮೇಲೆ ಚಿತ್ರಾನ್ನ ತಿನ್ನುತ್ತ ಅವನು ಹೇಳಿದ: “ಅಣ್ಣ, ನೀನ್ ಮಾಡೋವಾಗ ಚಾಮರ ಬೀಸ್ತಾ ಹಿಂದೆ ನಿಂತಿರ್ತಿದ್ನಲ್ಲ, ಮಾತು ಅವಾಗ್ಲೇ ಬಂದಿತ್ತು. ಆದ್ರೆ ಯಾಕ್ ಹಂಗೆ ಅಂತ ಗೊತ್ತಿರ್ಲಿಲ್ಲ. ನಿನ್ನ ಕೇಳಕ್ ಆಯ್ತಿರ್ಲಿಲ್ಲ.”

‘ಏಕೆ?’

“ಸಂದೀನೇ ಕೊಡ್ತಿರ್ಲಿಲ್ವಲ್ಲಣ್ಣ, ಮಾತಾಡಕ್ಕೆ.”

ದುಷ್ಟ. ಆದರೂ ಅವನ ಚಿತ್ರಾನ್ನ ಚೆನ್ನಾಗಿತ್ತು.

೧೩ ಮಾರ್ಚ್, ಗುರುವಾರ

ಓಂಕಾರೇಶ ನಾಯಿಯ ವಿಘ್ನ ದಾಟಿದ. ಸೆಲ್ಫಿ ದಾಟಿದ. ಕಿರೀಟ ದೊಡ್ಡದಾಗಿ ಜಾರುತ್ತಿತ್ತು. ಒಳಗಿನ ಬಟ್ಟೆ ಬಿಚ್ಚಿ ಅವನ ತಲೆಗೆ ಸರಿಯಾಗಿ ಹೊಲಿಯಲು ಹೇಮಶ್ರೀಗೆ ಕೊಟ್ಟೆ. ಕಿರೀಟ ಜಾರಿ ಬಿದ್ದನೆಂದರೆ ಪರೀಕ್ಷೆಗೇ ಅವಮಾನ.

ಹೇಮಶ್ರೀ ಹೊಲಿಯುತ್ತ ತನ್ನ ತವರಿನ ಕಥೆಯೊಂದನ್ನು ಹೇಳಿದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಹೊಸ ಕಥೆ. “ಇದ್ನ ಮೂರ್ ಸಲ ಶುರು ಮಾಡಿದೀನಿ ಕಣ್ರೀ, ನೀವು ಮುಗ್ಸಕ್ಕೇ ಬಿಟ್ಟಿಲ್ಲ,” ಎಂದಳು. ಇರಲಾರದು.

೧೬ ಮಾರ್ಚ್, ಭಾನುವಾರ

ನೂರನೆಯ ಪಟ್ಟಿ ಮುಗಿಯಿತು. ನಾವು ಗೆದ್ದೆವು.

ಮೇಲಿನ ಸಾಲನ್ನು ಬರೆದ ಮೇಲೆ ನೋಡಿದೆ. ‘ಅವನು ಗೆದ್ದ’ ಎಂದು ಬರೆಯಬೇಕಿತ್ತು. ಹೊಡೆದು ಹಾಕುವುದು ಬೇಡ, ಪುಟ ಕೆಡುತ್ತದೆ.

೨೦ ಮಾರ್ಚ್, ಗುರುವಾರ

ತರೀಕೆರೆ. ಡಾಕ್ಟರಮ್ಮ ಕೊಳವೆ ಇಳಿಸಿ ನೋಡಿ ನಕ್ಕರು. “ಗಂಟು ಹೋಗಿದೆ. ಮಾತಾಡಿ ನೋಡೋಣ.”

ಇಷ್ಟು ದಿನ ಕಾದ ಮೊದಲ ಮಾತು ಯಾವುದಾಗಬೇಕೆಂದು ಮೊದಲೇ ಯೋಚಿಸಿಟ್ಟಿದ್ದೆ, ಚಂಡಪ್ರತಾಪನ ಪ್ರವೇಶದ ಸಾಲು. ಬಾಯಿಂದ ಬಂದದ್ದು, “ಏನ್ ಮಾತಾಡ್ಲಿ?”

ದನಿ ತೆಳ್ಳಗಾಗಿದೆ, ತೊಳೆದಿಟ್ಟ ಲೋಟದಂತೆ. ನಾಟಕ ಮಾಡಬಹುದಂತೆ. ಕಿರುಚದೆ, ಮೈಕನ್ನು ನಂಬಿ, ಒಂದು ಸಲ ಮಾಡಿದರೆ ತೊಂದರೆಯಿಲ್ಲವಂತೆ.

ಪಾತ್ರ ನನ್ನದು! ಮೇಷ್ಟ್ರಿಗೆ ಫೋನು ಮಾಡಿದೆ. ಡಾಕ್ಟರಮ್ಮ ಹೇಳಿದ್ದನ್ನು ಇನ್ನೊಮ್ಮೆ ಹೇಳಿಸಿಕೊಂಡರು. “ಸಂತೋಷ ಕಣೋ,” ಎಂದರು ಆಮೇಲೆ. “ನಾಳೆ ಮಧ್ಯಾಹ್ನ ಬಾ. ನಿನ್ ರೂಲು ನಿಂಗೂ ಐತಲ್ಲ. ಪರೀಕ್ಷೆ ಒಂದು ಆಗೋಗ್ಲಿ.”

೨೧ ಮಾರ್ಚ್, ಶುಕ್ರವಾರ

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಕೋಣೆಯಲ್ಲಿ ಎಲ್ಲರೂ ಇದ್ದರು. ಹೇಮಶ್ರೀಯೂ ಬಂದಿದ್ದಳು. ಓಂಕಾರೇಶ ಎರಡು ಟ್ರಿಪ್ಪಿನ ನಡುವೆ ಓಡಿಬಂದು ಪಟ್ಟಿ ಓದಲು ಕುಳಿತ. ಸಂಖ್ಯೆ ನಾನೇ ಹೇಳಿದೆ. ಐದು ವಿಘ್ನ ಬಂದವು. ಐದೂ ನನ್ನ ಹಳೆಯ ಪರಿಚಯದವು, ಎಲ್ಲವನ್ನೂ ಅಜ್ಜಂಪುರದ ಬಯಲಿನಲ್ಲಿಯೇ ಎದುರಿಸಿದವನು ನಾನು.

ಪ್ರವೇಶಿಸಿದೆ. ವಂಶ ಹೇಳಿದೆ. ಬಲಗೈ ಎತ್ತಿ, “ಈ ಭೂಮಂಡಲದಲ್ಲಿ ನನ್ನೆದುರು ನಿಲ್ಲುವವರಾರು?” ಎಂದು ಕೇಳಿ ನಿಂತೆ. ನಿಂತೇ ಇದ್ದೆ. ಮುಂದಿನ ಮಾತು ಬರಲಿಲ್ಲ. ವಿಘ್ನ ಇನ್ನೂ ಶುರುವೇ ಆಗಿರಲಿಲ್ಲ.

“ಒಂದು ತೆಗೀತೀನಣ್ಣ,” ಎಂದು ಓಂಕಾರೇಶ ಮೈಕು ಕಿರುಚುವುದನ್ನು ಪಟ್ಟಿಯಿಂದ ತೆಗೆದ. ಮತ್ತೆ ಪ್ರವೇಶ, ಮತ್ತೆ ಅದೇ ಜಾಗದಲ್ಲಿ ನಿಂತೆ. ಅವನು ನಾಯಿಯನ್ನು ತೆಗೆದ. ಹಾರ ತೆಗೆದ. ಪರದೆ ತೆಗೆದ. ಕರೆಂಟು ತೆಗೆದ. ಕಡೆಗೆ ಅವನ ಕೈಯಲ್ಲಿ ಉಳಿದದ್ದು ಖಾಲಿ ಪಟ್ಟಿ. ಏನೂ ಆಗುವುದಿಲ್ಲ. ನಾನು ಬಂದು ಮಾತಾಡುವುದು, ಅಷ್ಟೇ. ಅದರಲ್ಲೂ ಆ ಸಾಲು ಹೇಳಿ ಕೈ ಎತ್ತಿ ನಿಂತುಬಿಟ್ಟೆ.

ಕಾರಣ ನನಗೆ ಮೂರನೆಯ ಸಲಕ್ಕೇ ಗೊತ್ತಾಗಿತ್ತು. ಆ ಸಾಲಿಗೆ ಚಪ್ಪಾಳೆ ಬೀಳುತ್ತದೆ. ಹದಿನೆಂಟು ವರ್ಷವೂ, ಪ್ರಾಕ್ಟೀಸಿನಲ್ಲಿಯೂ ಬಿದ್ದಿದೆ. ಆ ಅಬ್ಬರಕ್ಕೆ ಕೇಳುವವರ ಕೈ ತಾನೇ ಬಡಿದುಕೊಳ್ಳುತ್ತಿತ್ತು. ಆ ಸದ್ದಿನ ಬಾಲ ಹಿಡಿದು ಮುಂದಿನ ಮಾತು ಬರುತ್ತಿತ್ತು. ಇಂದು ಯಾರೂ ತಟ್ಟಲಿಲ್ಲ. ಎಲ್ಲರೂ ಗದ್ದಕ್ಕೆ ಕೈ ಕೊಟ್ಟುಕೊಂಡು ನನ್ನ ಬಾಯಿ ನೋಡುತ್ತ ಕುಳಿತಿದ್ದರು. ಮೇಷ್ಟ್ರ ಬೆರಳು ಹಾರ್ಮೋನಿಯಂ ಮೇಲೆ ಹಾಗೆಯೇ ನಿಂತಿತ್ತು.

“ಇವತ್ತು ನೀವ್ ಹೇಳಿದ್ದು ಒಂದೊಂದ್ ಮಾತೂ ತಿಳೀತು ಕಣ್ರೀ,” ಎಂದಳು ಹೇಮಶ್ರೀ. ಸಮಾಧಾನಕ್ಕೆ ಹೇಳಿರಬೇಕು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ರೂಲು ಗೀಲು ಬಿಡೋ. ನಾಳೆ ಬಯಲಲ್ಲಿ ಜನ ಚಪ್ಪಾಳೆ ಹೊಡೀತಾರೆ, ಮಾತು ಬಂದೇ ಬತ್ತದೆ. ಹೊಡೀದೇ ಇದ್ರೆ ನಾನ್ ಹೊಡೀತೀನಿ. ಪಾತ್ರ ನಿಂದು. ಏನ್ ಹೇಳ್ತಿಯೋ ಹೇಳು.”

ಓಂಕಾರೇಶ ಪೆಟ್ಟಿಗೆಯಿಂದ ಕಿರೀಟ ತೆಗೆದು, ಹೆಗಲ ಟವೆಲಿನಿಂದ ಒರೆಸಿ ನನ್ನ ಮುಂದೆ ಹಿಡಿದ. “ತಗಳಣ್ಣ. ನಾನು ಚಾಮರಕ್ಕೇ ನಿಂತ್ಕಳ್ತೀನಿ. ಅದೂ ಅಭ್ಯಾಸ ಐತೆ.” ನಗಲು ನೋಡಿದ. ಕಿರೀಟ ಹಿಡಿದ ಬೆರಳುಗಳು ಮಾತ್ರ ಸಡಿಲವಾಗಲಿಲ್ಲ.

ಬಿಡಿಸಿಕೊಂಡು ತಲೆಗಿಟ್ಟು ನೋಡಿದೆ. ಹೇಮಶ್ರೀ ಹೊಲಿದ ಬಟ್ಟೆಯಿಂದಾಗಿ ಅದು ನನ್ನ ನೆತ್ತಿಯ ಮೇಲೆ ಬೋಗುಣಿ ಕವುಚಿದಂತೆ ಕುಳಿತಿತು, ಇಳಿಯಲೇ ಇಲ್ಲ. ನಾಳೆಯೇ ನಾಟಕವಿರುವಾಗ ಇನ್ನೊಮ್ಮೆ ಬಿಚ್ಚಿ ಹೊಲಿಯುವವರು ಯಾರು? ಅವಸರದಲ್ಲಿ ಹೊಲಿದರೆ ಬಟ್ಟೆ ಗಟ್ಟಿಯಾಗಿ ಕೂರುವುದೂ ಇಲ್ಲ. ಇದು ಶುದ್ಧ ಹೊಲಿಗೆಯ ಸಮಸ್ಯೆ.

“ನೀನೇ ಇಟ್ಕಳೋ,” ಎಂದೆ. “ಇದು ನಂಗಾಗಲ್ಲ.”

ಓಂಕಾರೇಶ ಕಾಲಿಗೆ ಬಗ್ಗಿದ. “ರಾಜ ಬಗ್ಗಬಾರ್ದು ಅಂತ ಎಷ್ಟ್ ಸಲ ಬರ್ದಿದೀನಿ!” ಎಂದು ಗದರಿದೆ. ಗದರಿದ್ದು ಗದರಿದಂತೆ ಕೇಳಿಸಲಿಲ್ಲ, ದನಿಯೇ ಹಾಗಾಗಿದೆ.

ಅವನು ಕಣ್ಣೊರೆಸಿಕೊಂಡು ಎದ್ದ. ಗಡಿಯಾರ ನೋಡಿ ಚೀಲ ಹೆಗಲಿಗೇರಿಸಿದ. ನಾಳೆ ಬೆಳಗಿನ ಟ್ರಿಪ್ಪುಗಳನ್ನು ಮುಗಿಸಿ ಮಧ್ಯಾಹ್ನದ ಮೇಲೆ ಬಣ್ಣಕ್ಕೆ ಕೂರುತ್ತಾನಂತೆ.

“ಬೆಳಿಗ್ಗೆಯಿಂದ ಊರ ಹೆಸ್ರು ಕೂಗ್ಕಂಡು ಬಂದು ಸಂಜೆ ಮಾತಾಡ್ತೀಯಾ?” ಎಂದೆ. “ಗಂಟ್ಲು ಏನ್ ತಗಡು ಅಂದ್ಕಂಡಿದ್ಯಾ?”

“ಓನರ್ರು ರಜ ಕೊಡಲ್ಲ ಅಣ್ಣ. ಬದ್ಲಿ ಆಳು ತತ್ತೀಯಾ ಅಂದ್ರು.”

ಮಹಾಜನಗಳು ಇದ್ದರೆ ಕೇಳಿಸಿಕೊಳ್ಳಲಿ, ಇಲ್ಲದಿದ್ದರೂ ಸರಿ. ನೂರು ವಿಘ್ನಗಳ ಪರೀಕ್ಷೆ ನಾನು ಬರೆದದ್ದು. ಗೆದ್ದವನು ನಾಟಕದ ದಿನ ಬಸ್ಸಿನ ಬಾಗಿಲಲ್ಲಿ ಕಂಠ ಕಳೆದುಕೊಂಡರೆ ನನ್ನ ಪರೀಕ್ಷೆಗೆ ಕೆಟ್ಟ ಹೆಸರು. ಅದಕ್ಕಷ್ಟೇ ಈ ತೀರ್ಮಾನ. ಓನರ್ ಜೊತೆ ಮಾತಾಡಿಯಾಯಿತು.

ನಾಳೆ ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತೇನೆ. ಮೊದಲ ಗಾಡಿ ಹಿಡಿದು ತರೀಕೆರೆಗೆ ಹೋಗುತ್ತೇನೆ. ಓಂಕಾರೇಶನ ಚೀಲ ಹೆಗಲಿಗೆ ಹಾಕಿಕೊಂಡು ಅವನನ್ನು ಮಲಗಲು ಕಳಿಸಿ, ಅಜ್ಜಂಪುರದ ಬಸ್ಸಿನ ಬಾಗಿಲಲ್ಲಿ ನಿಲ್ಲುತ್ತೇನೆ. ಊರ ಹೆಸರು ಕೂಗುವುದಿಲ್ಲ. ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರಿಗೆ ಹೇಳುತ್ತೇನೆ.